ಕನ್ನಡ ಮಾಧ್ಯಮದ ಮಕ್ಕಳಿಗೆ ಮಾಹಿತಿ ವ್ಯವಸ್ಥೆ ಮತ್ತು ಇ-ಬಿಸಿನೆಸ್ ಪದವಿ: ಆದವಾನಿ ಸೀಮೆಯ ಪೋಷಕರು ತಿಳಿಯಬೇಕಾದ ಸಂಗತಿಗಳು

ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಆದವಾನಿ, ಆಲೂರು, ಹೊಳಗುಂದ, ಹಾಲಹರವಿ, ಕೌತಾಳ, ಮಂತ್ರಾಲಯ ಭಾಗದ ಕನ್ನಡ ಮನೆಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಮಗುವನ್ನು ಯಾವ ವಿಷಯಕ್ಕೆ ಸೇರಿಸುವುದು? ಗಡಿಯ ಈಚೆ ಓದಿಸುವುದೋ, ಆಚೆ ಓದಿಸುವುದೋ? ಕಂಪ್ಯೂಟರ್ ಮತ್ತು ವ್ಯಾಪಾರ ಎರಡನ್ನೂ ಕೂಡಿಸುವ ಓದು ಬೇಕೆನ್ನುವವರ ಸಂಖ್ಯೆ ಈಚಿನ ವರ್ಷಗಳಲ್ಲಿ ಹೆಚ್ಚುತ್ತಿದೆ. ವಿಶ್ವವಿದ್ಯಾಲಯಗಳಲ್ಲಿ ಈ ಓದಿಗೆ ನಿರ್ವಹಣಾ ಮಾಹಿತಿ ವ್ಯವಸ್ಥೆ ಎಂಬ ಹೆಸರಿದೆ, ಎಂ.ಐ.ಎಸ್. ಎಂಬುದು ಅದರ ರೂಢಿಯ ಸಂಕ್ಷೇಪ. ಇದರ ಜೊತೆಗೆ ಸಾಗುವ ಇನ್ನೊಂದು ವಿಷಯ ವಿದ್ಯುನ್ಮಾನ ವ್ಯವಹಾರ, ಅಂದರೆ ಇ-ಬಿಸಿನೆಸ್. ಇವುಗಳಲ್ಲಿ ಏನನ್ನು ಕಲಿಸುತ್ತಾರೆ, ಯಾವ ಪದವಿಯಲ್ಲಿ ಇವು ದೊರೆಯುತ್ತವೆ, ಕನ್ನಡ ಮಾಧ್ಯಮದಿಂದ ಬಂದವರು ಎಲ್ಲಿ ಎಡವುತ್ತಾರೆ, ಪ್ರವೇಶದ ನಿಯಮಗಳಲ್ಲಿ ಯಾವುದನ್ನು ಮರೆಯಬಾರದು ಎಂಬುದನ್ನು ನಾವು ಈ ಲೇಖನದಲ್ಲಿ ಕ್ರಮವಾಗಿ ವಿವರಿಸುತ್ತೇವೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಈ ವಿಷಯದ ಮೂಲ ವಿಚಾರಗಳು ನಮ್ಮ ಮಕ್ಕಳಿಗೆ ಅಪರಿಚಿತವಲ್ಲ. ಅವರಿಗೆ ಅಡ್ಡಿಯಾಗುವುದು ಪಾಠದ ಭಾಷೆ ಮತ್ತು ಪ್ರವೇಶದ ದಾಖಲೆಗಳು. ಈ ಎರಡಕ್ಕೂ ಹತ್ತನೆಯ ತರಗತಿಯಲ್ಲಿರುವಾಗಲೇ ಸಿದ್ಧತೆ ಮಾಡಿಕೊಳ್ಳಬಹುದು.

ಮಾಹಿತಿ ವ್ಯವಸ್ಥೆ ಎಂದರೇನು

ಆದವಾನಿಯ ಮಾರ್ಕೆಟ್ ಯಾರ್ಡಿಗೆ ಹತ್ತಿ ತಂದ ರೈತನ ಒಂದು ದಿನವನ್ನು ನೆನೆಯೋಣ. ಬಾಗಿಲಲ್ಲಿ ಅವನ ಹೆಸರು, ಊರು, ತಂದ ಮಾಲು ದಾಖಲಾಗುತ್ತವೆ. ಅವನ ರಾಶಿಗೆ ಒಂದು ಲಾಟ್ ಸಂಖ್ಯೆ ಸಿಗುತ್ತದೆ. ಗುಣಮಟ್ಟದ ಪರಿಶೀಲನೆ, ವ್ಯಾಪಾರಿಗಳ ಬೆಲೆ, ಗೆದ್ದ ಬೆಲೆಯ ಘೋಷಣೆ, ತೂಕ, ಬಿಲ್ಲು, ಹಣ ಪಾವತಿ ಒಂದರ ಹಿಂದೊಂದು ನಡೆಯುತ್ತವೆ. ಹಿಂದೆ ಇವೆಲ್ಲ ಅಡತಿ ಅಂಗಡಿಯ ಕಿರ್ದಿ ಪುಸ್ತಕದಲ್ಲಿ ಬರವಣಿಗೆಯಾಗುತ್ತಿದ್ದವು. ಕೇಂದ್ರ ಸರ್ಕಾರ 2016ರ ಏಪ್ರಿಲ್ 14ರಂದು ಇ-ನಾಮ್ ಎಂಬ ರಾಷ್ಟ್ರೀಯ ಕೃಷಿ ಮಾರುಕಟ್ಟೆ ಜಾಲವನ್ನು ಆರಂಭಿಸಿತು. ಆ ಜಾಲಕ್ಕೆ ಸೇರಿದ ಮಾರುಕಟ್ಟೆಗಳಲ್ಲಿ ಇದೇ ಹಂತಗಳು ಕಂಪ್ಯೂಟರಿನಲ್ಲಿ ನಡೆಯುತ್ತವೆ. ಆದವಾನಿಯೂ ಅವುಗಳಲ್ಲಿ ಒಂದು.

ಇಲ್ಲಿ ಬರೆದುಕೊಂಡ ಪ್ರತಿ ಅಂಕಿ, ಪ್ರತಿ ಹೆಸರು ದತ್ತಾಂಶ. ದತ್ತಾಂಶವನ್ನು ಒಂದು ಉದ್ದೇಶಕ್ಕಾಗಿ ಜೋಡಿಸಿ ಅರ್ಥ ಹೊರಡುವಂತೆ ಮಾಡಿದರೆ ಅದು ಮಾಹಿತಿ. ಮಾಹಿತಿಯನ್ನು ನೋಡಿ ಯಾರೋ ಒಬ್ಬರು ನಿರ್ಧಾರ ಕೈಗೊಳ್ಳುತ್ತಾರೆ. ದತ್ತಾಂಶ, ಮಾಹಿತಿ, ನಿರ್ಧಾರ ಎಂಬ ಈ ಮೂರು ಮೆಟ್ಟಿಲುಗಳೇ ಇಡೀ ವಿಷಯದ ಅಡಿಪಾಯ.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಒಂದು ಅಡತಿ ಅಂಗಡಿಗೆ ಮೂರು ಲಾಟ್ ಹತ್ತಿ ಬಂದಿದೆ. ಮೊದಲನೆಯದು 8 ಕ್ವಿಂಟಲ್, ಬೆಲೆ ಕ್ವಿಂಟಲಿಗೆ 7,000 ರೂಪಾಯಿ. ಎರಡನೆಯದು 12 ಕ್ವಿಂಟಲ್, ಬೆಲೆ 7,200. ಮೂರನೆಯದು 5 ಕ್ವಿಂಟಲ್, ಬೆಲೆ 6,600. ಆ ದಿನದ ಸರಾಸರಿ ಬೆಲೆ ಎಷ್ಟು? ಮೂರು ಬೆಲೆಗಳನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ಸುಮಾರು 6,933 ಬರುತ್ತದೆ. ಆದರೆ ಒಟ್ಟು 25 ಕ್ವಿಂಟಲಿಗೆ ಕೈಗೆ ಬಂದ ಹಣ 1,75,400 ರೂಪಾಯಿ. ಅದನ್ನು 25ರಿಂದ ಭಾಗಿಸಿದರೆ 7,016. ದತ್ತಾಂಶ ಒಂದೇ ಆದರೂ ಉತ್ತರ ಎರಡು. ಅಂಗಡಿಯ ಹಣದ ಲೆಕ್ಕಕ್ಕೆ ಎರಡನೆಯದೇ ಸರಿ, ಏಕೆಂದರೆ ಅದು ಪ್ರತಿ ಲಾಟಿನ ತೂಕವನ್ನೂ ಗಣನೆಗೆ ತೆಗೆದುಕೊಂಡಿದೆ. ಕಂಪ್ಯೂಟರ್ ಎರಡನ್ನೂ ಕ್ಷಣದಲ್ಲಿ ಲೆಕ್ಕ ಹಾಕಬಲ್ಲದು. ಯಾವುದನ್ನು ಕೇಳಬೇಕೆಂದು ತಿಳಿಯಬೇಕಾದವನು ಮನುಷ್ಯ. ಎಂ.ಐ.ಎಸ್. ಕಲಿಸುವುದು ಈ ವಿವೇಚನೆಯನ್ನು.

ಒಂದು ಸಂಸ್ಥೆಯಲ್ಲಿ ಮೂರು ಹಂತದ ಜನರಿಗೆ ಮೂರು ಬಗೆಯ ಮಾಹಿತಿ ಬೇಕು. ತೂಕದ ಮನೆಯವನಿಗೆ ಈ ಲಾಟಿನ ತೂಕ ಬೇಕು. ಮೇಲ್ವಿಚಾರಕನಿಗೆ ಈ ವಾರದ ಆವಕ ಮತ್ತು ಬಾಕಿ ಪಾವತಿಯ ಪಟ್ಟಿ ಬೇಕು. ಜಿನ್ನಿಂಗ್ ಕಾರ್ಖಾನೆಯ ಮಾಲೀಕನಿಗೆ ಮುಂದಿನ ಹಂಗಾಮಿಗೆ ಎಷ್ಟು ಸಾಲ ಎತ್ತಬೇಕು, ಎಷ್ಟು ಯಂತ್ರ ನಡೆಸಬೇಕು ಎಂಬ ಅಂದಾಜು ಬೇಕು. ಮೊದಲನೆಯದನ್ನು ಪಠ್ಯಗಳು ವ್ಯವಹಾರ ಸಂಸ್ಕರಣಾ ವ್ಯವಸ್ಥೆ ಎನ್ನುತ್ತವೆ. ಎರಡನೆಯದು ನಿರ್ವಹಣಾ ಮಾಹಿತಿ ವ್ಯವಸ್ಥೆ. ಮೂರನೆಯದು ನಿರ್ಧಾರ ಬೆಂಬಲ ವ್ಯವಸ್ಥೆ. ಯಂತ್ರ ಮತ್ತು ತಂತ್ರಾಂಶ ಈ ವ್ಯವಸ್ಥೆಯ ಒಂದು ಭಾಗ ಮಾತ್ರ. ದತ್ತಾಂಶ, ಕೆಲಸದ ಕ್ರಮ, ಕೆಲಸ ಮಾಡುವ ಜನ ಸೇರಿದಾಗಲೇ ವ್ಯವಸ್ಥೆ ಪೂರ್ಣವಾಗುತ್ತದೆ.

ಈ ಅಧ್ಯಯನಕ್ಕೆ ವಿಶ್ವವಿದ್ಯಾಲಯದ ವಿಷಯವಾಗಿ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಗಾರ್ಡನ್ ಡೇವಿಸ್ ಅವರು 1960ರ ದಶಕದ ಕೊನೆಯಲ್ಲಿ ಇದಕ್ಕೆ ಪ್ರತ್ಯೇಕ ಶಾಸ್ತ್ರದ ಸ್ಥಾನ ದೊರಕಿಸಿದವರಲ್ಲಿ ಪ್ರಮುಖರು. ನಮ್ಮ ನೆರೆಯ ಬೆಂಗಳೂರಿನಲ್ಲಿ 1986ರಲ್ಲಿ ಆರಂಭವಾದ ಟ್ಯಾಲಿ ಸಂಸ್ಥೆಯ ಲೆಕ್ಕಪತ್ರ ತಂತ್ರಾಂಶ ಇಂದು ಊರೂರಿನ ಅಂಗಡಿಗಳಲ್ಲಿದೆ. ಕಿರ್ದಿ, ಖಾತೆ, ತಾಳೆಪಟ್ಟಿ ಎಂಬ ಹಳೆಯ ಪುಸ್ತಕಗಳೇ ಅದರೊಳಗೆ ಬೇರೆ ರೂಪದಲ್ಲಿ ಕುಳಿತಿವೆ.

ಇ-ಬಿಸಿನೆಸ್ ಎಂದರೇನು

ಅಂತರಜಾಲದ ಮೂಲಕ ಕೊಳ್ಳುವುದು ಮತ್ತು ಮಾರುವುದು ಇ-ಕಾಮರ್ಸ್. ಇ-ಬಿಸಿನೆಸ್ ಇದಕ್ಕಿಂತ ವಿಶಾಲವಾದುದು. ದಾಸ್ತಾನು, ಸರಬರಾಜು, ಗ್ರಾಹಕರ ದೂರು, ನೌಕರರ ವೇತನ, ತೆರಿಗೆಯ ಲೆಕ್ಕ ಎಲ್ಲವನ್ನೂ ಜಾಲದ ಮೂಲಕ ಜೋಡಿಸಿ ಸಂಸ್ಥೆ ನಡೆಸುವ ರೀತಿಯೇ ಇ-ಬಿಸಿನೆಸ್. 1997ರಲ್ಲಿ ಐಬಿಎಂ ಕಂಪನಿ ಈ ಪದವನ್ನು ತನ್ನ ಪ್ರಚಾರದಲ್ಲಿ ಬಳಸಿದ ಮೇಲೆ ಇದು ಜಗತ್ತಿನಾದ್ಯಂತ ರೂಢಿಗೆ ಬಂದಿತು. ಭಾರತದಲ್ಲಿ ರೈಲ್ವೆ ಟಿಕೆಟ್ಟಿನ ಆನ್‌ಲೈನ್ ಮಾರಾಟ 2002ರಲ್ಲಿ ಮೊದಲಾಯಿತು. ಬೆಂಗಳೂರಿನ ಫ್ಲಿಪ್‌ಕಾರ್ಟ್ 2007ರಲ್ಲಿ ಪುಸ್ತಕ ಮಾರಾಟದಿಂದ ಆರಂಭಿಸಿತು. 2016ರಲ್ಲಿ ಬಂದ ಯುಪಿಐ ಚಹಾದಂಗಡಿಯವರೆಗೂ ತಲುಪಿದೆ.

ನಮ್ಮ ಸೀಮೆಯಲ್ಲಿ ಇದಕ್ಕೆ ಸೂಕ್ತವಾದ ಪಾಠ ಎಮ್ಮಿಗನೂರಿನದು. ಮಾಚಾನಿ ಸೋಮಪ್ಪನವರು 1938ರಲ್ಲಿ ಅಲ್ಲಿ ನೇಕಾರರ ಸಹಕಾರ ಸಂಘವನ್ನು ಸ್ಥಾಪಿಸಿದರು. ನೂಲು ಒದಗಿಸುವುದು, ನೇಯ್ದ ಬಟ್ಟೆಯನ್ನು ಒಟ್ಟುಗೂಡಿಸುವುದು, ದೂರದ ಊರುಗಳಿಗೆ ಮಾರುವುದು ಸಹಕಾರ ಸಂಘದ ಕೆಲಸಗಳು. ಇಂದು ಒಬ್ಬ ವಿದ್ಯಾರ್ಥಿ ಆ ಬಟ್ಟೆಯನ್ನು ಜಾಲದಲ್ಲಿ ಮಾರಬೇಕೆಂದರೆ ಕೇಳಬೇಕಾದ ಪ್ರಶ್ನೆಗಳೂ ಅವೇ: ದಾಸ್ತಾನು ಎಷ್ಟಿದೆ, ಒಂದೇ ಸೀರೆಯನ್ನು ಇಬ್ಬರಿಗೆ ಮಾರದಂತೆ ತಡೆಯುವುದು ಹೇಗೆ, ಹಿಂತಿರುಗಿ ಬಂದ ಮಾಲಿನ ನಷ್ಟ ಯಾರದು, ಕಳುಹಿಸುವ ವೆಚ್ಚ ಕಳೆದರೆ ನೇಕಾರನಿಗೆ ಉಳಿಯುವುದೆಷ್ಟು? ಜಾಲತಾಣದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ವ್ಯಾಪಾರ ನಿಲ್ಲುವುದಿಲ್ಲ.

ಸರ್ಕಾರಿ ಸೇವೆಗಳೂ ಇದೇ ಅಧ್ಯಯನದ ವ್ಯಾಪ್ತಿಗೆ ಬರುತ್ತವೆ. ಆಂಧ್ರಪ್ರದೇಶದ ಮೀ ಸೇವಾ 2011ರಲ್ಲಿ ಆರಂಭವಾಯಿತು. ಕರ್ನಾಟಕದ ಭೂಮಿ ಯೋಜನೆ ಈ ಶತಮಾನದ ಮೊದಲ ವರ್ಷಗಳಲ್ಲೇ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಇವುಗಳಿಗೆ ಕಾನೂನಿನ ಆಧಾರವೂ ಬೇಕು. ವಿದ್ಯುನ್ಮಾನ ದಾಖಲೆಗೆ ಮತ್ತು ಡಿಜಿಟಲ್ ಸಹಿಗೆ ಮಾನ್ಯತೆ ನೀಡಿದ್ದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ. ವ್ಯಕ್ತಿಯ ಖಾಸಗಿ ದತ್ತಾಂಶವನ್ನು ಹೇಗೆ ಬಳಸಬೇಕು ಎಂಬುದಕ್ಕೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದಿದೆ. ಎರಡೂ ಇಂದಿನ ಪಠ್ಯದ ಭಾಗಗಳಾಗಿವೆ.

ಒಂದು ಹೆಸರು, ಮೂರು ಬರಹ

ಗಡಿನಾಡಿನ ಮಕ್ಕಳು ಈ ಶಾಸ್ತ್ರದ ಒಂದು ಮುಖ್ಯ ಸಮಸ್ಯೆಯನ್ನು ಹುಟ್ಟಿನಿಂದಲೇ ಬಲ್ಲರು. ಈರಣ್ಣ ಎಂಬ ಹೆಸರು ಕನ್ನಡ ಶಾಲೆಯ ದಾಖಲೆಯಲ್ಲಿ ಒಂದು ರೀತಿ, ತೆಲುಗಿನ ರೇಷನ್ ಕಾರ್ಡಿನಲ್ಲಿ ಇನ್ನೊಂದು ರೀತಿ, ಆಧಾರ್ ಕಾರ್ಡಿನ ಇಂಗ್ಲಿಷ್ ಅಕ್ಷರಗಳಲ್ಲಿ ಮತ್ತೊಂದು ರೀತಿ ಇರಬಹುದು. ಆಂಧ್ರದ ಪದ್ಧತಿಯಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ನಮ್ಮ ಕೆಲವು ಮನೆಗಳಲ್ಲಿ ತಂದೆಯ ಅಥವಾ ಊರಿನ ಹೆಸರನ್ನು ಬರೆಯುವ ರೂಢಿಯಿದೆ. ಊರಿನ ಹೆಸರಿನಲ್ಲೂ ಆದವಾನಿ, ಆದೋನಿ ಎಂಬ ಎರಡು ರೂಪಗಳಿವೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾಗುವವರೆಗೆ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದುದರಿಂದ ಹಿರಿಯರ ಭೂದಾಖಲೆಗಳಲ್ಲಿ ಜಿಲ್ಲೆಯ ಹೆಸರೇ ಬೇರೆ. ಬಳ್ಳಾರಿಯ ಇಂಗ್ಲಿಷ್ ಕಾಗುಣಿತ ಕೂಡ 2014ರ ನವೆಂಬರ್ 1ರಿಂದ ಬದಲಾಗಿದೆ.

ಮನುಷ್ಯ ಇವೆಲ್ಲ ಒಂದೇ ಎಂದು ಗುರುತಿಸುತ್ತಾನೆ, ಯಂತ್ರ ಗುರುತಿಸುವುದಿಲ್ಲ. ಆದ್ದರಿಂದಲೇ ದತ್ತಸಂಚಯದಲ್ಲಿ ಪ್ರತಿ ವ್ಯಕ್ತಿಗೂ, ಪ್ರತಿ ಲಾಟಿಗೂ ಬೇರೆ ಯಾವುದಕ್ಕೂ ಇಲ್ಲದ ಒಂದು ಸಂಖ್ಯೆ ಕೊಡುತ್ತಾರೆ. ಅದನ್ನು ಪ್ರಾಥಮಿಕ ಕೀಲಿ ಎನ್ನುತ್ತಾರೆ. ಹೆಸರು ಬದಲಾದರೂ ಕೀಲಿ ಬದಲಾಗದು. ಪದವಿಯ ಎರಡನೆಯ ವರ್ಷದಲ್ಲಿ ಕಲಿಸುವ ಈ ಪಾಠದ ಅಗತ್ಯವನ್ನು ನಮ್ಮ ಮಗು ತನ್ನ ಮನೆಯ ಕಾಗದಗಳಿಂದಲೇ ವಿವರಿಸಬಲ್ಲದು. ಇದೇ ಪಾಠದಲ್ಲಿ ಪೋಷಕರಿಗೂ ಒಂದು ಎಚ್ಚರಿಕೆಯಿದೆ: ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸುವ ಮುನ್ನವೇ ಶಾಲೆಯ ದಾಖಲೆ, ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಖಾತೆ ನಾಲ್ಕರಲ್ಲೂ ಹೆಸರು ಮತ್ತು ಜನ್ಮದಿನಾಂಕ ಅಕ್ಷರಶಃ ಒಂದೇ ಇರುವಂತೆ ತಿದ್ದಿಸಿಕೊಳ್ಳಬೇಕು. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುಪಡಿ ದೀರ್ಘವಾದ ಕೆಲಸ.

ಯಾವ ಪದವಿಯಲ್ಲಿ ಇದನ್ನು ಓದಬಹುದು

ಎಂ.ಐ.ಎಸ್. ಎಂಬ ಹೆಸರಿನ ಪ್ರತ್ಯೇಕ ಪದವಿ ನಮ್ಮ ಭಾಗದಲ್ಲಿ ಸಾಮಾನ್ಯವಲ್ಲ. ಇದು ಬೇರೆ ಪದವಿಗಳ ಒಳಗೆ ಒಂದು ವಿಷಯವಾಗಿ, ಕೆಲವೊಮ್ಮೆ ವಿಶೇಷ ಅಧ್ಯಯನವಾಗಿ ಬರುತ್ತದೆ.

ವಾಣಿಜ್ಯದ ಹಾದಿ ಮೊದಲನೆಯದು. ಆಂಧ್ರದ ಪದವಿ ಕಾಲೇಜುಗಳಲ್ಲಿ ಕಂಪ್ಯೂಟರ್ ಅಪ್ಲಿಕೇಷನ್ಸ್ ಸಹಿತವಾದ ಬಿ.ಕಾಂ. ವ್ಯಾಪಕವಾಗಿದೆ. ಲೆಕ್ಕಶಾಸ್ತ್ರದ ಜೊತೆಗೆ ದತ್ತಸಂಚಯ, ಇ-ಕಾಮರ್ಸ್, ಲೆಕ್ಕಪತ್ರ ತಂತ್ರಾಂಶಗಳನ್ನು ಕಲಿಸುವುದರಿಂದ ಹಳ್ಳಿಯ ಶಾಲೆಯಿಂದ ಬಂದ ಮಗುವಿಗೆ ಇದು ಹತ್ತಿರದ ಆಯ್ಕೆ. ಎರಡನೆಯದು ಬಿ.ಬಿ.ಎ.; ಇಲ್ಲಿ ನಿರ್ವಹಣೆಗೆ ಒತ್ತು. ಮೂರನೆಯದು ಬಿ.ಸಿ.ಎ.; ಇಲ್ಲಿ ಪ್ರೋಗ್ರಾಮಿಂಗ್‌ಗೆ ಒತ್ತು. 2024-25ರಿಂದ ಬಿ.ಬಿ.ಎ. ಮತ್ತು ಬಿ.ಸಿ.ಎ. ಪದವಿಗಳು ಎ.ಐ.ಸಿ.ಟಿ.ಇ. ವ್ಯಾಪ್ತಿಗೆ ಬಂದಿರುವುದರಿಂದ, ಸೇರುವ ಕಾಲೇಜಿಗೆ ಅದರ ಅನುಮೋದನೆ ಇದೆಯೇ ಎಂದು ವಿಚಾರಿಸಬೇಕು. ಸ್ನಾತಕೋತ್ತರ ಹಂತದಲ್ಲಿ ಎಂ.ಬಿ.ಎ. ಮತ್ತು ಎಂ.ಸಿ.ಎ. ಇವೆ. ಎಂ.ಸಿ.ಎ. ಗುರಿ ಇರುವವರು ಇಂಟರ್ ಅಥವಾ ಪಿಯು ಹಂತದಲ್ಲಿ ಗಣಿತವನ್ನು ಬಿಡದಿರುವುದು ಒಳ್ಳೆಯದು.

ಕರ್ನೂಲು ಜಿಲ್ಲೆಯ ಪದವಿ ಕಾಲೇಜುಗಳು 2008ರಲ್ಲಿ ಸ್ಥಾಪನೆಯಾದ ರಾಯಲಸೀಮಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಗಡಿಯ ಆಚೆ ಬಳ್ಳಾರಿಯಲ್ಲಿ 2010ರಲ್ಲಿ ಆರಂಭವಾದ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ. ಮನೆಯ ಕೆಲಸ ಬಿಡಲಾಗದವರಿಗೆ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣದಲ್ಲಿ ಬಿ.ಕಾಂ., ಬಿ.ಸಿ.ಎ., ಎಂ.ಬಿ.ಎ. ಎಲ್ಲವೂ ಲಭ್ಯ. ಅದರ ಪಠ್ಯಗಳನ್ನು ಇ-ಜ್ಞಾನಕೋಶ ತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಓದಬಹುದು. 2017ರಲ್ಲಿ ಆರಂಭವಾದ ಸ್ವಯಂ ಜಾಲತಾಣದಲ್ಲಿ ವಿಡಿಯೊ ಪಾಠಗಳಿವೆ.

ಗಡಿ ದಾಟುವ ಮುನ್ನ

ಇದು ಪೋಷಕರು ಅತ್ಯಂತ ಎಚ್ಚರಿಕೆಯಿಂದ ಓದಬೇಕಾದ ಭಾಗ.

ಸಂವಿಧಾನದ 371-ಡಿ ವಿಧಿ ಮತ್ತು ಅದರ ಅಡಿಯ 1974ರ ರಾಷ್ಟ್ರಪತಿ ಆದೇಶದಂತೆ ಆಂಧ್ರದಲ್ಲಿ ಶೇ. 85ರಷ್ಟು ಸೀಟುಗಳು ಸ್ಥಳೀಯ ಅಭ್ಯರ್ಥಿಗಳಿಗೆ ಮೀಸಲು. ಅರ್ಹತಾ ಪರೀಕ್ಷೆ ಬರೆದ ವರ್ಷಕ್ಕೆ ಮುಗಿಯುವಂತೆ ಸತತ ನಾಲ್ಕು ವರ್ಷ ಆ ಪ್ರದೇಶದ ಶಾಲಾ ಕಾಲೇಜುಗಳಲ್ಲಿ ಓದಿರುವುದು ಸ್ಥಳೀಯತೆಯ ಮುಖ್ಯ ಆಧಾರ. ಆದವಾನಿಯ ಮಗು ಎರಡು ವರ್ಷದ ಪಿಯು ಓದಿಗೆ ಬಳ್ಳಾರಿಗೆ ಹೋಗಿ, ಪದವಿಗೆ ಮರಳಿ ಕರ್ನೂಲಿಗೆ ಬಂದರೆ ಈ ಸರಣಿ ತುಂಡಾಗುತ್ತದೆ.

ಆಚೆಯೂ ಇಂತಹದೇ ನಿಯಮವಿದೆ. 371-ಜೆ ವಿಧಿಯ ಅಡಿಯಲ್ಲಿ ಬಳ್ಳಾರಿ, ರಾಯಚೂರು ಸೇರಿದ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟುಗಳು ಆ ಭಾಗದ ಸ್ಥಳೀಯರಿಗೆ ಮೀಸಲು. ನಮ್ಮ ಮಕ್ಕಳು ಉಳಿದ ಪಾಲಿನಲ್ಲಿ ಸ್ಪರ್ಧಿಸಬೇಕಾಗುತ್ತದೆ. ಭಾಷೆಯಿಂದ ಕನ್ನಡಿಗರಾಗಿದ್ದೂ ಎರಡೂ ಕಡೆ ಹೊರಗಿನವರಾಗುವ ಅಪಾಯ ಇರುವುದು ಇಲ್ಲಿ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಪ್ರವೇಶ ನಿಯಮಗಳಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ಕಲಮುಗಳಿವೆ. ಇದರಡಿ ಬರುವವರಿಗೆ ಕನ್ನಡ ಭಾಷಾ ಪರೀಕ್ಷೆಯೂ ಇರುತ್ತದೆ. ಆಯಾ ವರ್ಷದ ಕೈಪಿಡಿಯಲ್ಲಿ ತಾಲ್ಲೂಕುಗಳ ಪಟ್ಟಿ ಮತ್ತು ಬೇಕಾದ ಪ್ರಮಾಣಪತ್ರಗಳನ್ನು ಓದಿಯೇ ಅರ್ಜಿ ಹಾಕಬೇಕು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ವ್ಯಾಸಂಗ ಪ್ರಮಾಣಪತ್ರವನ್ನು ಶಾಲೆ ಬಿಡುವ ದಿನವೇ ಪಡೆದು ಜೋಪಾನವಾಗಿಡಬೇಕು. ಶುಲ್ಕ ಮರುಪಾವತಿ ಮತ್ತು ವಿದ್ಯಾರ್ಥಿವೇತನ ಗಡಿಯ ಆಚೆಯ ಕಾಲೇಜಿಗೆ ಅನ್ವಯಿಸುತ್ತದೆಯೇ ಎಂಬುದನ್ನು ಸೇರುವ ಮುನ್ನವೇ ಸಂಬಂಧಪಟ್ಟ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ನಮ್ಮ ಸಲಹೆ ಇಷ್ಟು: ಇಂಟರ್ ಮತ್ತು ಪದವಿ ಎರಡನ್ನೂ ಒಂದೇ ರಾಜ್ಯದಲ್ಲಿ ಓದಿಸುವುದಾಗಿ ಮೊದಲೇ ನಿರ್ಧರಿಸಿರಿ. ನಡುವೆ ಬದಲಾಯಿಸುವುದರಿಂದ ಆಗುವ ನಷ್ಟ ಹೆಚ್ಚು.

ಭಾಷೆಯ ಮೆಟ್ಟಿಲು

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯದ ಬಗ್ಗೆ ಸಂವಿಧಾನದ 350-ಎ ವಿಧಿ ಹೇಳುತ್ತದೆ. ಪದವಿ ಹಂತದಲ್ಲಿ ಅಂತಹ ಆಸರೆ ಇಲ್ಲ. ಆಂಧ್ರದ ಪದವಿ ಕಾಲೇಜುಗಳು 2021-22ರಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹೊರಳಿವೆ. ಕರ್ನಾಟಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಬಿ.ಕಾಂ. ಉತ್ತರಗಳನ್ನು ಕನ್ನಡದಲ್ಲಿ ಬರೆಯುವ ಅವಕಾಶವಿದೆ. ಪಾಠ ಇಂಗ್ಲಿಷಿನಲ್ಲಿದ್ದರೂ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಬಿಡಬೇಕೆಂದು ಯುಜಿಸಿ 2023ರಲ್ಲಿ ವಿಶ್ವವಿದ್ಯಾಲಯಗಳಿಗೆ ಸೂಚಿಸಿದೆ. ಆದರೂ ತಂತ್ರಾಂಶದ ಪರದೆ, ಉದ್ಯೋಗದ ಸಂದರ್ಶನ ಇಂಗ್ಲಿಷಿನಲ್ಲೇ ಇರುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಕನ್ನಡ ಮಾಧ್ಯಮದ ವಿದ್ಯಾರ್ಥಿ ಮೊದಲ ಸೆಮಿಸ್ಟರಿನಲ್ಲಿ ಸೋಲುವುದು ಸಾಮಾನ್ಯವಾಗಿ ವಿಷಯ ತಿಳಿಯದೆ ಅಲ್ಲ, ಬಾಯಿಪಾಠಕ್ಕೆ ಇಳಿದು. ಅರ್ಥವಾಗದ ಇಂಗ್ಲಿಷ್ ವಾಕ್ಯವನ್ನು ಉರು ಹೊಡೆದರೆ ಪ್ರಶ್ನೆ ಸ್ವಲ್ಪ ತಿರುಗಿದೊಡನೆ ಉತ್ತರ ಕೈಬಿಡುತ್ತದೆ. ಇದಕ್ಕೆ ನಾವು ಸೂಚಿಸುವ ಕ್ರಮ ಸರಳವಾದುದು. ಒಂದು ಉದ್ದನೆಯ ಪುಸ್ತಕದಲ್ಲಿ ಪ್ರತಿ ಪುಟಕ್ಕೆ ಮೂರು ಅಂಕಣ ಎಳೆಯಬೇಕು. ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಕನ್ನಡ ವಿವರಣೆ, ಮೂರನೆಯದರಲ್ಲಿ ತಾನು ಕಣ್ಣಾರೆ ಕಂಡ ಉದಾಹರಣೆ. ಇನ್‌ವೆಂಟರಿ ಎಂಬ ಪದದ ಎದುರು ದಾಸ್ತಾನು ಎಂದೂ, ಅದರ ಎದುರು ಜಿನ್ನಿಂಗ್ ಗೋದಾಮಿನ ಬೇಲುಗಳೆಂದೂ ಬರೆದ ವಿದ್ಯಾರ್ಥಿಗೆ ಆ ಪದ ಮರೆಯದು. ದಿನಕ್ಕೆ ಐದು ಪದಗಳಂತೆ ಬರೆದರೆ ಬೇಸಿಗೆ ರಜೆಯ ಎರಡು ತಿಂಗಳಲ್ಲಿ ಮುನ್ನೂರು ಪದಗಳಾಗುತ್ತವೆ. ಮೊದಲ ವರ್ಷದ ಪಾಠ ಹಿಡಿಯಲು ಇದು ಒಳ್ಳೆಯ ಬಂಡವಾಳ. ಉತ್ತರವನ್ನು ಮೊದಲು ಕನ್ನಡದಲ್ಲಿ ಯೋಚಿಸಿ, ಅನಂತರ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯುವ ಅಭ್ಯಾಸ ಬೆಳೆಸಿಕೊಳ್ಳಬೇಕು. ಎಂ.ಬಿ.ಎ. ಅಥವಾ ಎಂ.ಸಿ.ಎ. ಪ್ರವೇಶಕ್ಕೆ ಆಂಧ್ರದ ಐಸೆಟ್ ಬರೆಯುವ ಹೊತ್ತಿಗೆ ಈ ಅಭ್ಯಾಸ ಕೈಹಿಡಿಯುತ್ತದೆ.

ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನೂ ಕಲಿಯಬೇಕು. ಯೂನಿಕೋಡ್ ಬಂದ ಮೇಲೆ ದತ್ತಸಂಚಯದಲ್ಲಿ ಕನ್ನಡ ಹೆಸರುಗಳನ್ನು ಕನ್ನಡದಲ್ಲೇ ಶೇಖರಿಸಿ ಹುಡುಕಬಹುದಾಗಿದೆ. ಕನ್ನಡ, ತೆಲುಗು, ಇಂಗ್ಲಿಷ್ ಮೂರನ್ನೂ ಓದಬಲ್ಲ ಹುಡುಗ ಹುಡುಗಿಯರು ನಮ್ಮ ಸೀಮೆಯಲ್ಲಿ ಸಹಜವಾಗಿ ಇದ್ದಾರೆ. ಎರಡು ರಾಜ್ಯಗಳ ಗಿರಾಕಿಗಳಿರುವ ವ್ಯಾಪಾರಕ್ಕೆ, ಬ್ಯಾಂಕಿಗೆ, ಸೇವಾ ಕೇಂದ್ರಕ್ಕೆ ಈ ಅರ್ಹತೆ ಬೇಕಾದುದೇ. ಆದರೆ ಅದನ್ನು ಅರ್ಜಿಯಲ್ಲಿ ಬರೆಯಲು ನಮ್ಮ ಮಕ್ಕಳು ಸಂಕೋಚಪಡುತ್ತಾರೆ.

ಈ ಬೇಸಿಗೆಯಲ್ಲಿ ಮಾಡಬಹುದಾದದ್ದು

ಕಾಲೇಜು ಆರಂಭವಾಗುವ ಮುನ್ನ ಮಗುವನ್ನು ಒಂದು ದಿನ ಯಾರ್ಡಿಗೆ ಅಥವಾ ಪರಿಚಯದ ಅಂಗಡಿಗೆ ಕರೆದುಕೊಂಡು ಹೋಗಿರಿ. ಒಂದು ಮಾಲು ಒಳಗೆ ಬಂದು ಹಣವಾಗಿ ಹೊರಗೆ ಹೋಗುವವರೆಗೆ ಯಾರು ಯಾವ ಕಾಗದದಲ್ಲಿ ಏನನ್ನು ಬರೆಯುತ್ತಾರೆ ಎಂಬುದನ್ನು ಕ್ರಮವಾಗಿ ಬರೆದುಕೊಳ್ಳಲು ಹೇಳಿರಿ. ಒಂದೇ ಸಂಗತಿಯನ್ನು ಎರಡು ಕಡೆ ಬರೆಯುವುದು ಎಲ್ಲಿ, ತಪ್ಪು ನುಸುಳುವುದು ಎಲ್ಲಿ, ರೈತ ಹೆಚ್ಚು ಹೊತ್ತು ಕಾಯುವುದು ಎಲ್ಲಿ ಎಂದು ಗುರುತಿಸಲಿ. ಪದವಿಯಲ್ಲಿ ಇದಕ್ಕೆ ವ್ಯವಸ್ಥೆಯ ವಿಶ್ಲೇಷಣೆ ಎಂಬ ಹೆಸರಿದೆ, ಪ್ರತ್ಯೇಕ ಪತ್ರಿಕೆಯೂ ಇದೆ. ನಮ್ಮ ಮಗು ಅದರ ಮೊದಲ ಪಾಠವನ್ನು ತನ್ನ ಊರಿನಲ್ಲಿ, ತನ್ನ ಭಾಷೆಯಲ್ಲಿ ಮುಗಿಸಿಕೊಂಡೇ ತರಗತಿಗೆ ಹೋಗಲಿ ಎಂಬುದು ನಮ್ಮ ಆಶಯ.